ಇಂದ್ರಕ್ಕ ಕೊಟ್ಟ ರೆಪ್ಪೆ

ಇಂದ್ರಕ್ಕ ಯಾರ ಮುಖವನ್ನೂ ನೇರವಾಗಿ ನೋಡಿ ಮಾತಾಡುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿ ಮಾತಾಡುತ್ತಿದ್ದಳು. ಕುರ್ಚಿಯಲ್ಲಿ ಕೂತವರ ಬೆನ್ನ ಹಿಂದೆ ನಿಂತು, ಅವರ ತಲೆಯ ಮೇಲಿಂದ ಕನ್ನಡಿಯೊಳಗಿನ ಮುಖದ ಜೊತೆ ಹರಟೆ, ಜಗಳ, ಬುದ್ಧಿವಾದ ಎಲ್ಲ ನಡೆಯುತ್ತಿತ್ತು. ವರ್ಷಗಟ್ಟಲೆ ಬ್ಯೂಟಿ ಪಾರ್ಲರ್ ನಡೆಸಿ ಅದೇ ಅಭ್ಯಾಸವಾಗಿಬಿಟ್ಟಿತ್ತು. ಎದುರಾಬದುರಾ ಕೂರಿಸಿದರೆ ಮಾತಿಗೆ ತಡಕಾಡುತ್ತಿದ್ದಳು. ಶಿವಮೊಗ್ಗದ ನಮ್ಮ ಮನೆಗೆ ಬಂದಾಗಲೂ ಅಷ್ಟೇ. ಹಾಲ್‌ನ ಸೋಫಾ ಬಿಟ್ಟು, ಬೀರುವಿನ ಕನ್ನಡಿ ಕಾಣುವ ಹಾಗೆ ರೂಮಿನ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. "ನಿಮ್ಮಕ್ಕ ಮಾತಾಡ್ತಿರೋದು ನನ್ನ ಹತ್ರವೋ, ಬೀರು ಹತ್ರವೋ?" ಅಂತ ನನ್ನ ಗಂಡ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಣ್ಣು ಕೊಟ್ಟು ಮಾತಾಡದವರ ಬಗ್ಗೆ ಸ್ವಲ್ಪ ಹುಷಾರಾಗಿರು ಅಂತ ಯಾರಾದರೂ ಆಗ ಹೇಳಬಹುದಿತ್ತು. ಹೇಳಿದ್ದರೆ ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದೆ, ಆ ಮಾತು ಬೇರೆ.

ಅವಳು ನನ್ನ ಒಡಹುಟ್ಟಿದ ಅಕ್ಕನಲ್ಲ. ಭದ್ರಾವತಿಯ ಕಾಗದನಗರದಲ್ಲಿ ನಮ್ಮದೊಂದು ಕ್ವಾರ್ಟರ್ಸು, ಪಕ್ಕದ್ದು ಅವಳದು. ನಾನು ಹೈಸ್ಕೂಲಿನಲ್ಲಿದ್ದಾಗ ಮದುವೆಯಾಗಿ ಆ ಮನೆಗೆ ಬಂದಳು. ನಮ್ಮಪ್ಪನಿಗೂ ಅವಳ ಗಂಡನಿಗೂ ಕಾರ್ಖಾನೆಯಲ್ಲೇ ಕೆಲಸ. ಸುತ್ತ ತಮಿಳರು, ತೆಲುಗರು, ಮಲಯಾಳಿಗಳು. ಆರು ತಿಂಗಳೊಳಗೆ ಇಡೀ ಬೀದಿಯ ಹೆಂಗಸರ ತಲೆಕೂದಲು ಇವಳ ಕೈಗೆ ಸಿಕ್ಕಿತ್ತು. ಯಾರಿಗೆ ಜಡೆ, ಯಾರಿಗೆ ತುರುಬು, ಯಾರ ಮಗಳಿಗೆ ಹೇನು, ಎಲ್ಲ ಇವಳದೇ ಉಸ್ತುವಾರಿ. ಮುಂದೆ ಒಂದು ದಿನ ಮುಂಭಾಗದ ವರಾಂಡಕ್ಕೆ ತಗಡು ಹೊಡೆಸಿ, ಬಾಗಿಲು ಮುಚ್ಚಿದ ಯಾವುದೋ ಕಟಿಂಗ್ ಶಾಪಿನ ಕುರ್ಚಿ ತಂದು ಹಾಕಿ, ಪಾರ್ಲರ್ ಶುರು ಮಾಡಿದಳು. ಬೋರ್ಡ್ ಬರೆಯುವವನು 'ಹೆಂಗಸರಿಗೆ ಮಾತ್ರ' ಅಂತ ದಪ್ಪಕ್ಷರದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅಂಗಡಿ ಹೆಸರಿಗೆ ಜಾಗವೇ ಉಳಿದಿರಲಿಲ್ಲ. ಹಾಗಾಗಿ ಆ ಪಾರ್ಲರಿಗೆ ಕೊನೇತನಕ ಹೆಸರಿರಲಿಲ್ಲ. ಕನ್ನಡಿ ಮಾತ್ರ ನಮ್ಮಮ್ಮ ಕೊಟ್ಟಿದ್ದು. ಕಾಲು ಮುರಿದು ಮೂಲೆ ಸೇರಿದ್ದ ನಮ್ಮ ಮನೆಯ ಡ್ರೆಸಿಂಗ್ ಟೇಬಲ್ಲಿನದು. "ಸುಮ್ನೆ ಧೂಳು ಹಿಡೀತಿದೆ, ನೀನಾದ್ರೂ ಇಟ್ಕೋ" ಅಂತ ಅಮ್ಮ ಹೊರಿಸಿ ಕಳಿಸಿದ್ದಳು.

ಇಂದ್ರಕ್ಕನಿಗೆ ಏನನ್ನೂ ಬಿಸಾಡಿ ಗೊತ್ತಿರಲಿಲ್ಲ. ಹಳೇ ಲುಂಗಿ ಹರಿದು ವ್ಯಾಕ್ಸಿಂಗಿನ ಪಟ್ಟಿ ಮಾಡುತ್ತಿದ್ದಳು. ಅವನ್ನು ಬಿಸಿನೀರಲ್ಲಿ ಒಗೆದು ಮತ್ತೆ ತಂತಿಯ ಮೇಲೆ ಒಣಹಾಕುತ್ತಿದ್ದಳು. ತಳಕ್ಕಂಟಿದ ಲಿಪ್‌ಸ್ಟಿಕ್ಕುಗಳನ್ನೆಲ್ಲ ಬಳಿದು ಸ್ಟೀಲ್ ಸೌಟಿನಲ್ಲಿ ಕರಗಿಸಿ ಹೊಸದೊಂದು ಬಣ್ಣ ತೆಗೆಯುತ್ತಿದ್ದಳು. ಆ ಬಣ್ಣ ಜಗತ್ತಿನ ಇನ್ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಒಮ್ಮೆ ಒಬ್ಬ ಮದುಮಗಳು ಅದೇ ಬೇಕು ಅಂತ ಹಟ ಹಿಡಿದಿದ್ದಳು. "ಒಳಗೆ ಇನ್ನೂ ಇದೆಯಲ್ಲ ಮಾರಾಯ್ತಿ. ಇರೋದನ್ನ ಹೆಂಗೆ ಬಿಸಾಡ್ಲಿ? ಕೈ ಬರಲ್ಲ" ಅನ್ನುತ್ತಿದ್ದಳು. ಕಾರ್ಖಾನೆ ನಿಂತು, ಗಂಡ ಹರಿಹರದಲ್ಲಿ ಬೇರೆ ಕೆಲಸ ಹಿಡಿದು ವಾರಕ್ಕೊಮ್ಮೆ ಬರುವಂತಾದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಅದನ್ನು ಜಿಪುಣತನ ಅನ್ನುವಂತಿರಲಿಲ್ಲ. ನಾನು ಹೋದಾಗಲೆಲ್ಲ ಅಕ್ಕಿರೊಟ್ಟಿ ಮೇಲೆ ಇಷ್ಟೆತ್ತರ ಬೆಣ್ಣೆ ಹಾಕಿ ತಿನ್ನಿಸಿಯೇ ಕಳಿಸುತ್ತಿದ್ದಳು.

ಅವಳ ಬಾಯಿ ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ. ಅದಕ್ಕೇ ನಾನು ಅವಳನ್ನು ಅಷ್ಟು ನಂಬಿದ್ದು. ಮುಖದ ವಿಷಯದಲ್ಲಿ ಇಂದ್ರಕ್ಕ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹೊಸಮನೆ ಬಡಾವಣೆ ಕಡೆಯಿಂದ ಒಬ್ಬಾಕೆ ಮಗಳನ್ನು ಕರೆತಂದು, ಹುಡುಗನ ಕಡೆಯವರು ನಾಳೆ ಬರ್ತಾರೆ, ಬ್ಲೀಚ್ ಮಾಡಿ ಬೆಳ್ಳಗೆ ಮಾಡು ಅಂದಿದ್ದು ನನ್ನೆದುರೇ. ಇಂದ್ರಕ್ಕ ಕನ್ನಡಿಯೊಳಗಿನ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದಳು. "ಇದು ಸೂಕ್ಷ್ಮ ಚರ್ಮ. ನಾಳೆ ಬೆಳ್ಳಗೆ ಕಾಣ್ತಾಳೆ, ನಾಡಿದ್ದು ಸುಟ್ಟ ಬದನೇಕಾಯಿ ಆಗ್ತಾಳೆ. ನಾನು ಮಾಡಲ್ಲ. ಬೇಕಾದ್ರೆ ಇನ್ನೊಬ್ರ ಹತ್ರ ಹೋಗಿ." ತಾಯಿ ಮುಖ ಊದಿಸಿಕೊಂಡು ಎದ್ದಳು. ಇಂದ್ರಕ್ಕ ಹುಡುಗಿಯ ಕೂದಲನ್ನು ಮಾತ್ರ ಬಾಚಿ, ಹೂ ಮುಡಿಸಿ, ಒಂದು ರೂಪಾಯಿ ಮುಟ್ಟದೆ ಕಳಿಸಿದಳು. ನಾನು ಮನೆಗೆ ಬಂದು ಈ ಕಥೆಯನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದ್ದೆ.

ಇನ್ನು ನನ್ನ ಕಣ್ಣಿನ ವಿಷಯ ಹೇಳಬೇಕು. ನನ್ನ ಮೂಗು, ಗಲ್ಲ, ಹಣೆ ಎಲ್ಲ ಅಪ್ಪನ ಕಡೆಯದು. ಕಣ್ಣು ಮಾತ್ರ ಅಮ್ಮನದು. ದುಂಡಗೆ, ಮೇಲಿನ ರೆಪ್ಪೆ ಕಡುಬಿನ ಹಾಗೆ ಮೆತ್ತಗೆ ತುಂಬಿಕೊಂಡ ಕಣ್ಣು. ಆದರೆ ರೆಪ್ಪೆಗೂದಲು ಹುಟ್ಟಿನಿಂದಲೇ ಇದ್ದೂ ಇಲ್ಲದ ಹಾಗೆ. ಶಾಲೆಯಲ್ಲಿ 'ಬೋಳುಗಣ್ಣಿ' ಅಂತ ಕರೆಯುತ್ತಿದ್ದರು. ಈಗ ನಾನೇ ಹೈಸ್ಕೂಲು ಟೀಚರು, ಎರಡು ಮಕ್ಕಳ ತಾಯಿ, ನಲವತ್ತೈದರ ಆಸುಪಾಸು. ಆದರೂ ಆ ಹೆಸರು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಅಮ್ಮ ಹಾಸಿಗೆ ಹಿಡಿದಾಗ ನಾನು ಶಿವಮೊಗ್ಗದಿಂದ ಹೋಗಿಬಂದು ಮಾಡುತ್ತಿದ್ದೆ. ಇಂದ್ರಕ್ಕ ದಿನಾ ಮಧ್ಯಾಹ್ನ ಬಾಚಣಿಗೆ, ಎಣ್ಣೆ ಹಿಡಿದು ಬರುತ್ತಿದ್ದಳು. ಮಾತಾಡಲು ಒಂದು ಪುಟ್ಟ ಕನ್ನಡಿಯನ್ನೂ ತರುತ್ತಿದ್ದಳು. ಅಮ್ಮನ ತಲೆ ಬಾಚಿ, ಕನ್ನಡಿಯನ್ನು ಅವಳ ಮುಖಕ್ಕೆ ಹಿಡಿದು, "ನೋಡಿ ಅತ್ತೆ, ಮದುವಣಗಿತ್ತಿ" ಅನ್ನುತ್ತಿದ್ದಳು. ಅಮ್ಮ ನಗುತ್ತಿದ್ದಳು. ಅಮ್ಮ ಹೋದ ಬೆಳಿಗ್ಗೆ ಮುಖ ತೊಳೆದು, ಕುಂಕುಮ ಇಟ್ಟು, ರೆಪ್ಪೆ ಮುಚ್ಚಿಸಿದ್ದು ಇಂದ್ರಕ್ಕನ ಕೈಯೇ. ಎಲ್ಲ ಮುಗಿದ ಮೇಲೆ ನನ್ನನ್ನು ಅವಳ ಪಾರ್ಲರಿಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತಳು. "ಅತ್ತೆ ಕಣ್ಣು ಎಲ್ಲೂ ಹೋಗಿಲ್ಲ ಕಣೆ ಉಷಿ. ನಿನ್ನ ಮುಖದಲ್ಲೇ ಇಟ್ಟು ಹೋಗಿದಾರೆ. ಬೇಜಾರಾದಾಗ ಕನ್ನಡಿ ನೋಡ್ಕೋ" ಅಂದಳು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಮೇಲೆ ಎಷ್ಟೋ ಸಲ ಹಾಗೆ ನೋಡಿಕೊಂಡಿದ್ದೇನೆ.

ಅಪ್ಪ ನಮ್ಮ ಜೊತೆ ಶಿವಮೊಗ್ಗದ ನವುಲೆಯ ಮನೆಗೆ ಬಂದ ಮೇಲೆ ಕಾಗದನಗರದಲ್ಲಿ ನನಗೆ ಅಂತ ಉಳಿದಿದ್ದು ಇಂದ್ರಕ್ಕ ಒಬ್ಬಳೇ. ತಿಂಗಳಿಗೊಮ್ಮೆ ಹುಬ್ಬು ತಿದ್ದಿಸುವ ನೆಪದಲ್ಲಿ ಬಸ್ಸು ಹತ್ತುತ್ತಿದ್ದೆ. "ಶಿವಮೊಗ್ಗದಲ್ಲಿ ಗಲ್ಲಿಗೊಂದು ಪಾರ್ಲರ್ ಇದೆ. ಎರಡು ಹುಬ್ಬಿಗೆ ಭದ್ರಾವತಿಗೆ ಹೋಗೋರನ್ನ ನಾನು ನೋಡಿಲ್ಲ" ಅಂತ ಗಂಡ ಕಿಚಾಯಿಸುತ್ತಿದ್ದರು. ಅವರಿಗೇನು ಗೊತ್ತು? ಆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಎರಡು ಬೆರಳಲ್ಲಿ ರೆಪ್ಪೆಯ ಚರ್ಮ ಬಿಗಿಹಿಡಿದು ಕಣ್ಣು ಮುಚ್ಚಿದರೆ, ಅವಳ ದಾರದ ಸರ್‌ಸರ್ ಸದ್ದಿನಲ್ಲಿ ನಾನು ಮತ್ತೆ ಆ ಬೀದಿಯ ಹುಡುಗಿಯಾಗುತ್ತಿದ್ದೆ.

ಹಾಗೆ ಕೂತಿದ್ದಾಗಲೇ ಒಂದು ದಿನ ಇಂದ್ರಕ್ಕ ಕೇಳಿದಳು: "ರೆಪ್ಪೆಗೂದಲು ಬೆಳೆಯಕ್ಕೆ ಒಂದು ಎಣ್ಣೆ ಬಂದಿದೆ, ಹಚ್ಕೋತೀಯಾ? ಕೇರಳದಿಂದ ತರಿಸಿದ್ದು."

"ಹುಟ್ಟಿದಾಗಿಂದ ಬರದೇ ಇರೋದು ಈಗ ಬರುತ್ತಾ?"

"ನನ್ನ ನೋಡು" ಅಂತ ಕನ್ನಡಿಯ ಹತ್ತಿರ ಬಗ್ಗಿದಳು. ನಿಜ, ಅವಳ ರೆಪ್ಪೆಗೂದಲು ಹಿಂದಿಗಿಂತ ಉದ್ದವಾಗಿತ್ತು, ಕಪ್ಪಗಾಗಿತ್ತು. ಬೆರಳುದ್ದದ ಹಳೇ ಅತ್ತರಿನ ಸೀಸೆಯಲ್ಲಿ ನೀರಿನಂಥದ್ದೇನೋ ಕೊಟ್ಟಳು. ತೆಳುವಾದ ಐಲೈನರ್ ಬ್ರಷ್ಷಿನಲ್ಲಿ ಮಲಗುವ ಮುಂಚೆ ರೆಪ್ಪೆಗೂದಲಿನ ಬುಡಕ್ಕೆ ಒಂದು ಗೆರೆ ಎಳೆದುಕೋ ಅಂದಳು. ಎಣ್ಣೆ ಅಂದರೆ ಜಿಡ್ಡಿರಬೇಕಲ್ಲ, ಇದರಲ್ಲಿ ಜಿಡ್ಡೇ ಇಲ್ಲವಲ್ಲ ಅಂತ ನನಗೆ ಹೊಳೆಯಲೂ ಇಲ್ಲ. ಇಂದ್ರಕ್ಕ ಕೊಟ್ಟಿದ್ದು ಅಂದ ಮೇಲೆ ಮುಗಿಯಿತು.

ಬೆಳೆಯಿತು. ಸುಳ್ಳಲ್ಲ, ದಸರಾ ರಜೆ ಮುಗಿಯುವಷ್ಟರಲ್ಲಿ ಕನ್ನಡಕದ ಗಾಜಿಗೆ ತಾಗುವಷ್ಟು ಬೆಳೆಯಿತು. ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರ್ ನನ್ನ ಕನ್ನಡಕ ಕಿತ್ತು, "ಇದು ಅಂಟಿಸಿಕೊಂಡಿದ್ದಾ?" ಅಂತ ಎಳೆದೇ ನೋಡಿದರು. ಬೋಳುಗಣ್ಣಿ ಅನ್ನಿಸಿಕೊಂಡವಳಿಗೆ ಎಂಥಾ ಖುಷಿ ಅಂತ ಹೇಳಬೇಕೇ? ಇಂದ್ರಕ್ಕ ಮೊಬೈಲಿನಲ್ಲಿ ನನ್ನ ಕಣ್ಣಿನ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಪಾರ್ಲರಿನಲ್ಲಿದ್ದ ಅಮ್ಮನ ಕನ್ನಡಿಯ ಮೂಲೆಗೆ ಅಂಟಿಸಿದಳು. ಸೀಸೆ ಖಾಲಿಯಾದಾಗೊಮ್ಮೆ ತುಂಬಿಸಿ ಕೊಡುತ್ತಿದ್ದಳು. ನಾನು ಕೇಳುವ ಮುಂಚೆಯೇ ರೆಡಿ ಇರುತ್ತಿತ್ತು.

ಮುಂದಿನ ಬೇಸಿಗೆಗೆ ಜನ ನನ್ನನ್ನು ಬೇರೆ ರೀತಿ ನೋಡತೊಡಗಿದರು. ಮೊದಲು ಕೇಳಿದ್ದು ಅಪ್ಪ: "ಏನಮ್ಮಾ, ಊಟ ಸರಿಯಾಗಿ ಮಾಡ್ತಿಲ್ವಾ? ಕಣ್ಣು ಒಳಗೆ ಹೋಗಿದೆ." ಬಿಸಿಲಿಗೆ ಅಂದುಕೊಂಡೆ. ಆಮೇಲೆ ಕಾಡಿಗೆ ಹಚ್ಚುವಾಗ ಗಮನಿಸಿದೆ. ಮೇಲಿನ ರೆಪ್ಪೆಯಲ್ಲಿ ಕಡುಬಿನಂತೆ ತುಂಬಿದ್ದ ಜಾಗ ಬಸಿದುಹೋಗಿ, ಹುಬ್ಬಿನ ಮೂಳೆಯ ಕೆಳಗೆ ಬೆರಳಿಡಬಹುದಾದ ಹಳ್ಳ ಬಿದ್ದಿತ್ತು. ರೆಪ್ಪೆಯ ಗೆರೆ ಆಳವಾಗಿತ್ತು, ಸುತ್ತಲ ಚರ್ಮ ಕಪ್ಪಿಟ್ಟಿತ್ತು. ಕೆನ್ನೆ ಹಾಗೇ ಇತ್ತು, ತೂಕ ಹಾಗೇ ಇತ್ತು. ಕಣ್ಣು ಮಾತ್ರ ಬೇರೆ ಯಾರದೋ.

ಕಂಡವರೆಲ್ಲ ಕಾರಣ ಹೇಳುವವರೇ. ಹಿಂದಿ ಟೀಚರ್ ಥೈರಾಯ್ಡ್ ಅಂದರು. ಪಿ.ಟಿ. ಮೇಷ್ಟ್ರು ನೀರು ಕಮ್ಮಿ ಕುಡೀತೀರಾ ಅಂದರು. ಅತ್ತಿಗೆ, ಯಾವುದೋ ಡಯಟ್ ಮಾಡ್ತಿದ್ದಾಳೆ, ಬಾಯಿ ಬಿಡ್ತಿಲ್ಲ ಅಂತ ಊರೆಲ್ಲ ಸಾರಿದಳು. ಪಕ್ಕದ ಮನೆಯವರು ಗಂಡ ಹೆಂಡತಿಗೆ ಸರಿಯಿಲ್ಲವೇನೋ ಅನ್ನುವ ಹಾಗೆ ನನ್ನವರನ್ನು ನೋಡತೊಡಗಿದರು. ಸಕ್ಕರೆ ಪರೀಕ್ಷೆ, ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಮಾಡಿಸಿದ್ದಾಯ್ತು. ಎಲ್ಲ ಸರಿಯಾಗಿತ್ತು. ನಾನು ರಾಗಿ ಗಂಜಿ ಕುಡಿದೆ, ತುಪ್ಪ ತಿಂದೆ, ಬಾದಾಮಿ ನೆನೆಸಿದೆ. ಸೊಂಟ ಎರಡಿಂಚು ಹೆಚ್ಚಿತೇ ಹೊರತು ಕಣ್ಣು ಇದ್ದಲ್ಲೇ ಇತ್ತು.

ಶಾಲೆಯ ಗ್ರೂಪ್ ಫೋಟೋ ಬಂದ ದಿನ ನನಗೆ ನಿಜವಾಗಿ ದಿಗಿಲಾಯಿತು. ಸಾಲಿನಲ್ಲಿ ನನ್ನನ್ನು ಹುಡುಕಿದೆ. ಅಮ್ಮನ ಮಗಳು ಅಲ್ಲಿರಲಿಲ್ಲ. ಅಪ್ಪನ ಅಕ್ಕ, ಒಣಕಲು ಮುಖದ ನಮ್ಮ ಸೋದರತ್ತೆ, ನನ್ನ ಸೀರೆ ಉಟ್ಟು ಕೂತಿದ್ದಳು. ಬೇಜಾರಾದಾಗ ಕನ್ನಡಿ ನೋಡಿಕೊಳ್ಳುವ ಆಸರೆಯೂ ಹೋಯಿತಲ್ಲ ಅಂತ ಸ್ಟಾಫ್ ರೂಮಿನ ಬಾತ್‌ರೂಮಿಗೆ ಹೋಗಿ ಅತ್ತುಬಂದೆ. ಆ ಶನಿವಾರವೇ ಭದ್ರಾವತಿ ಬಸ್ಸು ಹತ್ತಿದೆ. ಮುಖದ ಸತ್ಯ ಹೇಳಲು ನನಗೆ ಗೊತ್ತಿದ್ದವಳು ಒಬ್ಬಳೇ.

"ಇಂದ್ರಕ್ಕಾ, ನನ್ನ ಕಣ್ಣಿಗೆ ಏನಾಗಿದೆ ನೋಡು."

ಅವಳು ಹಿಂದೆ ನಿಂತು ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತಲೆ ಸವರಿ, "ವಯಸ್ಸಾಯ್ತಲ್ಲ ಮಾರಾಯ್ತಿ. ನಲವತ್ತು ದಾಟಿದ್ಮೇಲೆ ಕಣ್ಣಿನ ಸುತ್ತ ಕೊಬ್ಬು ಕರಗುತ್ತೆ. ನಿದ್ದೆ ಮಾಡು, ತುಪ್ಪ ತಿನ್ನು" ಅಂದಳು. ಅಂದು, ಅಕ್ಕಿರೊಟ್ಟಿ ತಟ್ಟಲು ಒಳಗೆ ಹೋದಳು. ನಾನು ಹೊರಡುವಾಗ ಎಂದಿನಂತೆ ಸೀಸೆ ತುಂಬಿಸಿ ಕೈಗಿಟ್ಟಳು.

ವಯಸ್ಸು ಅಂತ ಅವಳೇ ಹೇಳಿದ ಮೇಲೆ ಮುಗಿಯಿತು ಅಂತ ನಾನು ಸುಮ್ಮನಾಗಿದ್ದೆ. ಆದರೆ ಕನ್ನಡಕದ ನಂಬರ್ ಬದಲಿಸಲು ಶಿವಮೊಗ್ಗದ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕಾಗಿ ಬಂತು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಬಿಟ್ಟು ನೋಡಿದವಳು, ಪರೀಕ್ಷೆ ಮುಗಿಸುವ ಬದಲು ಹೆಬ್ಬೆರಳಿಂದ ನನ್ನ ಮೇಲ್ರೆಪ್ಪೆ ಎತ್ತಿ ಮತ್ತೆ ನೋಡಿದಳು.

"ಗ್ಲಾಕೋಮಾಗೆ ಎಷ್ಟು ದಿನದಿಂದ ಡ್ರಾಪ್ಸ್ ಹಾಕ್ತಿದೀರಾ?"

"ನಂಗೆ ಗ್ಲಾಕೋಮಾ ಇಲ್ಲ ಮೇಡಂ."

"ಕಣ್ಣಿನ ಪ್ರೆಶರ್ ಅಂತಾರಲ್ಲ, ಅದು."

"ಅದೂ ಇಲ್ಲ."

"ಹಾಗಾದ್ರೆ ರೆಪ್ಪೆಗೆ ಏನು ಹಚ್ತೀರಾ?"

ನಾನು ಬ್ಯಾಗಿನಿಂದ ಅತ್ತರಿನ ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಅವಳು ಮೂಸಿ, ಅಲ್ಲಾಡಿಸಿ, ಬದಿಗಿಟ್ಟಳು. "ಸೀಸೆ ನೋಡಿ ಒಳಗೇನಿದೆ ಅಂತ ಹೇಳೋಕಾಗಲ್ಲ. ನಿಮ್ಮ ಕಣ್ಣು ನೋಡಿ ಹೇಳ್ತಿದೀನಿ. ಕಣ್ಣಿನ ಪ್ರೆಶರ್‌ಗೆ ಕೊಡೋ ಕೆಲವು ಡ್ರಾಪ್ಸ್ ಇವೆ. ಅದ್ರಿಂದ ರೆಪ್ಪೆಗೂದಲು ಉದ್ದ ಬೆಳೆಯುತ್ತೆ, ಚರ್ಮ ಕಪ್ಪಾಗುತ್ತೆ, ಕಣ್ಣಿನ ಸುತ್ತ ಇರೋ ಕೊಬ್ಬು ಕರಗಿ ಗುಳಿ ಬೀಳುತ್ತೆ. ಕಾಯಿಲೆ ಇರೋರಿಗೆ ದೃಷ್ಟಿ ಉಳಿಸೋಕೆ ಅದು ಬೇಕೇ ಬೇಕು. ನಿಮಗ್ಯಾಕೆ? ಎರಡು ಕಣ್ಣಿಗೂ ಹಚ್ಚಿದ್ರೆ ವಯಸ್ಸಾಯ್ತು ಅಂದ್ಕೊಂಡು ಸುಮ್ನಾಗ್ತಾರೆ. ಒಂದೇ ಕಣ್ಣಿಗೆ ಹಾಕೋರಲ್ಲಿ ಮಾತ್ರ ಎದ್ದು ಕಾಣುತ್ತೆ, ಒಂದು ಕಣ್ಣು ಒಳಗೆ, ಒಂದು ಹೊರಗೆ."

ಒಂದು ಕಣ್ಣು ಒಳಗೆ, ಒಂದು ಹೊರಗೆ ಅಂದಾಗ ನನಗೆ ಇಂದ್ರಕ್ಕನ ಮನೆ ನೆನಪಾಯಿತು. ಇಂದ್ರಕ್ಕನ ತಾಯಿ ಗೌರಮ್ಮಜ್ಜಿ ಮಗಳ ಜೊತೆಯೇ ಇದ್ದರು. ಅಜ್ಜಿಗೆ ಎಡಗಣ್ಣಿನ ಪ್ರೆಶರ್ ಅಂತ ಎರಡು ವರ್ಷದಿಂದ ದಿನಕ್ಕೊಂದು ಹನಿ ಬಿಡುತ್ತಿದ್ದರು. ಆ ಎಡಗಣ್ಣಿನ ರೆಪ್ಪೆಗೂದಲು ಎಳೆಗರುವಿನದ್ದರ ಹಾಗೆ ಬೆಳೆದಿದ್ದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಕಣ್ಣು ಗುಳಿ ಬಿದ್ದಿದ್ದನ್ನು ಯಾರೂ ಗಮನಕ್ಕೆ ತಂದುಕೊಂಡಿರಲಿಲ್ಲ. ಎಂಬತ್ತು ವರ್ಷದ ಮುದುಕಿಯ ಕಣ್ಣನ್ನು ಯಾರು ನೋಡುತ್ತಾರೆ?

ಆದರೂ ಭದ್ರಾವತಿಯ ಬಸ್ಸಿನಲ್ಲಿ ಇಡೀ ದಾರಿ ಇಂದ್ರಕ್ಕನ ಪರವಾಗಿ ನಾನೇ ವಾದ ಮಾಡಿದೆ. ಗೊತ್ತಿಲ್ಲದೆ ಕೊಟ್ಟಿರಬೇಕು. ಒಂದೇ ಕಣ್ಣಿಗೆ ಹಾಕಿದರೆ ಬಾಟಲಿಯಲ್ಲಿ ಅರ್ಧ ಉಳಿಯುತ್ತದೆ. ಓಪನ್ ಮಾಡಿ ತಿಂಗಳಾದ ಮೇಲೆ ಬಿಸಾಡಿ ಅಂತ ಡಾಕ್ಟರ್ ಹೇಳಿರುತ್ತಾರೆ. ಇವಳಿಗೆ ಬಿಸಾಡಲು ಕೈ ಬಂದಿರುವುದಿಲ್ಲ. ತನ್ನ ಅಮ್ಮನ ರೆಪ್ಪೆ ಬೆಳೆದಿದ್ದು ಕಂಡಿರುತ್ತಾಳೆ, ನನ್ನ ನೆನಪಾಗಿರುತ್ತದೆ. ಪ್ರೀತಿಗೇ ಕೊಟ್ಟಿದ್ದು. ಪಾಪ, ವಿಷಯ ಗೊತ್ತಾದರೆ ಎಷ್ಟು ಒದ್ದಾಡುತ್ತಾಳೋ, ಸಮಾಧಾನವಾಗಿ ಹೇಳಬೇಕು ಅಂತ ಮಾತುಗಳನ್ನೂ ಜೋಡಿಸಿಕೊಂಡೆ.

ಪಾರ್ಲರ್ ಬಾಗಿಲು ತೆಗೆದಿತ್ತು, ಇಂದ್ರಕ್ಕ ಅಂಗಡಿಗೆ ಹೋಗಿದ್ದಳು. ಒಳಗೆ ಮಂಚದ ಮೇಲೆ ಅಜ್ಜಿ ಕೂತಿದ್ದರು. ನಾನು ಹತ್ತಿರ ಕೂತ ಕೂಡಲೇ ಗಲ್ಲ ಹಿಡಿದು, ಒಳ್ಳೆಯ ಕಣ್ಣಿನಲ್ಲಿ ನನ್ನನ್ನು ಹತ್ತಿರದಿಂದ ನೋಡಿದರು.

"ಯಾಕೆ ಮಗಾ, ನಿಂಗೂ ಕಣ್ಣಿಗೆ ಪ್ರೆಶರ್ರಾ? ನಿಂಗೂ ಡ್ರಾಪ್ಸ್ ಬರ್ದಿದಾರಾ?"

"ಇಲ್ಲಜ್ಜಿ. ಯಾಕೆ?"

"ಮತ್ತೆ ನನ್ನ ಈ ಕಣ್ಣಿನ ಥರಾನೇ ಗುಳಿ ಬಿದ್ದಿದೆಯಲ್ಲ. ಡಾಕ್ಟ್ರು ಹೇಳಿದ್ರಪ್ಪ, ಇದು ವಯಸ್ಸಿಗೆ ಆಗಿದ್ದಲ್ಲ, ಡ್ರಾಪ್ಸಿಂದ ಆಗಿದ್ದು, ಆದ್ರೂ ಬಿಡಂಗಿಲ್ಲ ಅಂತ. ಇಂದ್ರಾನೂ ಇದ್ಲು. ಅವಳೇ ಕೇಳಿದ್ದು, ಯಾಕೆ ಹಿಂಗಾಗಿದೆ ಅಂತ."

"ಯಾವಾಗಜ್ಜಿ?"

"ಹೋದ ದೀಪಾವಳಿ ಮುಂಚೆ. ಆವತ್ತೇ ಹೋಟ್ಲಲ್ಲಿ ಮಸಾಲೆದೋಸೆ ತಿನ್ನಿಸಿದ್ಲು."

ದೀಪಾವಳಿ ಮುಂಚೆ. ದೀಪಾವಳಿಗೆ ಹೋದಾಗ ಅವಳು ನನ್ನ ಸೀಸೆ ತುಂಬಿಸಿದ್ದಳು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಟ್ಟಿದ್ದಳು. ಯುಗಾದಿಗೆ ನಮ್ಮ ಮನೆಗೇ ತಂದುಕೊಟ್ಟಿದ್ದಳು. ವಯಸ್ಸಾಯ್ತಲ್ಲ ಮಾರಾಯ್ತಿ ಅಂದಿದ್ದು ಅದಾದ ಮೇಲೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಸಮಾಧಾನದ ಮಾತೆಲ್ಲ ಕೆಲಸಕ್ಕೆ ಬಾರದಾಯಿತು.

ಇಂದ್ರಕ್ಕ ಮೊಸರಿನ ಪ್ಯಾಕೆಟ್ ಹಿಡಿದು ಬಂದಳು. ನಾನು ಅಜ್ಜಿಯ ಪಕ್ಕ ಕೂತಿದ್ದು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಸೀದಾ ವರಾಂಡಕ್ಕೆ ಹೋಗಿ ಕನ್ನಡಿ ಒರೆಸಲು ನಿಂತಳು. ನಾನು ಹಿಂದೆಯೇ ಹೋದೆ.

"ಕನ್ನಡಿ ಬಿಡು. ನನ್ನ ಕಡೆ ತಿರುಗು."

ತಿರುಗಲಿಲ್ಲ. "ಕೊಡುವಾಗ ಗೊತ್ತಿರ್ಲಿಲ್ಲ ಕಣೆ. ಅಮ್ಮನ ಆಣೆ."

"ಗೊತ್ತಾದ ಮೇಲೆ?"

ಮೊಸರಿನ ಪ್ಯಾಕೆಟ್ ಅವಳ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ನಿಂತಿದ್ದಳು.

"ನೀನೂ ಹಚ್ಕೋತಿದ್ದೆಯಲ್ಲ. ಈಗಲೂ ಹಚ್ಕೋತೀಯಾ?"

"ಇಲ್ಲ. ಬಿಟ್ಟೆ."

"ಯಾವಾಗ ಬಿಟ್ಟೆ?"

"...ಆವತ್ತೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಇದ್ದೆ. ಪ್ರತಿ ಸಲ ನೀನು ಬಂದಾಗ್ಲೂ. ನೀನು ನೋಡಿದ್ರೆ ಅಷ್ಟು ಖುಷಿಯಾಗಿದ್ದೆ. ಇಲ್ಲಿ ಬರೋ ಹುಡುಗೀರೆಲ್ಲ ಈ ಫೋಟೋ ನೋಡಿ ಅದೇ ಎಣ್ಣೆ ಬೇಕು ಅಂತ ಕೇಳೋರು. ಇದೊಂದ್ರಿಂದಾನೇ ಜನ ಬರ್ತಿದ್ರು ಉಷಿ. ಈಗ ಯಾರು ಬರ್ತಾರೆ ಈ ಮೂಲೆಗೆ?"

"ಆ ಹುಡುಗೀರಿಗೂ ಇದನ್ನೇ ಕೊಟ್ಟೆಯಾ?"

"ಛೇ ಛೇ! ಬೇರೆಯವರ ಮನೆ ಮಕ್ಕಳಿಗೆ ಕೊಡ್ತೀನಾ ನಾನು? ಅವರಿಗೆಲ್ಲ ಹರಳೆಣ್ಣೆ ಕೊಟ್ಟೆ." ನನಗೆ ನೆಮ್ಮದಿಯಾಗಲಿ ಅನ್ನುವ ಹಾಗೆ ಅಂದಳು.

"ಅವರಿಗೆ ಹರಳೆಣ್ಣೆ. ನನಗೆ ಮಾತ್ರ ಇದು."

"ಅವರಿಗೆ ಹೆಚ್ಚುಕಮ್ಮಿ ಆದ್ರೆ ಬಂದು ಬೋರ್ಡ್ ಕಿತ್ತು ಹಾಕ್ತಾರೆ. ನೀನು ನಮ್ಮವಳಲ್ವಾ? ಬೈತೀಯ, ಎರಡು ದಿನ ಮಾತು ಬಿಡ್ತೀಯ, ಆಮೇಲೆ ಬರ್ತೀಯ ಅಂತ..."

ಬ್ಲೀಚ್ ಮಾಡಲ್ಲ ಅಂತ ಗುರುತಿಲ್ಲದ ಹುಡುಗಿಯನ್ನು ಹಾಗೇ ಕಳಿಸಿದವಳು ಇವಳೇ. ಗುರುತಿಲ್ಲದವರ ಚರ್ಮಕ್ಕೆ ಇದ್ದ ಬೆಲೆ ನನ್ನ ಕಣ್ಣಿಗಿರಲಿಲ್ಲ. ನಮ್ಮವಳು ಅನ್ನುವುದಕ್ಕೆ ಅವಳ ಲೆಕ್ಕದಲ್ಲಿ ಇದೇ ಅರ್ಥ. ಅಮ್ಮನ ಕಣ್ಣು ಅಂತ ನನಗೆ ಹೇಳಿಕೊಟ್ಟವಳೇ ಅದನ್ನು ತನ್ನ ಅಂಗಡಿಯ ಸ್ಯಾಂಪಲ್ ಮಾಡಿಕೊಂಡಳು. ಅದೂ ಅಮ್ಮ ಕೊಟ್ಟ ಕನ್ನಡಿಗೇ ಅಂಟಿಸಿದಳು. ಫೋಟೋವನ್ನು ಕಿತ್ತೆ, ಮೂಲೆಯಲ್ಲಿ ಅಂಟಿನ ಗುರುತು ಉಳಿಯಿತು.

ಆಮೇಲೆ ನಡೆದದ್ದನ್ನು ನನ್ನ ಗಂಡನಿಗೆ ಹೇಳಿದರೆ ಅವರು ನಂಬುವುದಿಲ್ಲ. ಇಂದ್ರಕ್ಕ ಮೊಸರಿನ ಪ್ಯಾಕೆಟ್ಟನ್ನು ಕಿಟಕಿಯಲ್ಲಿಟ್ಟು, ಕುರ್ಚಿಯ ಧೂಳು ಹೊಡೆದು, "ಕೂತ್ಕೋ. ಹುಬ್ಬು ಬೆಳೆದಿದೆ" ಅಂದಳು. ನಾನು ಕೂತೆ. ಯಾಕೆ ಕೂತೆನೋ ನನಗೂ ಗೊತ್ತಿಲ್ಲ. ಅಷ್ಟು ವರ್ಷ ಆ ಮಾತಿಗೆ ಕೂತ ಮೈ, ತಾನಾಗಿ ಕೂತಿತು. ಅವಳು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು, ನನ್ನ ತಲೆಯನ್ನು ಹಿಂದಕ್ಕೆ ಒರಗಿಸಿದಳು.

"ಕಣ್ಣು ಮುಚ್ಚು" ಅಂದಳು, ಹಲ್ಲುಗಳ ನಡುವೆ.

ನನಗೆ ಮುಚ್ಚಲಾಗಲಿಲ್ಲ.

"ಮುಚ್ಚೇ. ದಾರ ತಾಗುತ್ತೆ."

"ತಾಗ್ಲಿ."

ಕಣ್ಣು ತೆರೆದುಕೊಂಡೇ ಹುಬ್ಬು ತಿದ್ದಿಸಿಕೊಂಡೆ. ಎಷ್ಟೋ ವರ್ಷ ಅವಳ ಕೈಕೆಳಗೆ ಕಣ್ಣು ಮುಚ್ಚಿಯೇ ಇದ್ದವಳು, ಕೆಲಸ ಮಾಡುವ ಇಂದ್ರಕ್ಕನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಲೆಕೆಳಗಾಗಿ ಕಂಡಿತು. ಅವಳ ರೆಪ್ಪೆಗೂದಲು ಹಳೆಯ ಹಾಗೆ ಮೋಟಾಗಿತ್ತು. ಕಣ್ಣು ಚೆನ್ನಾಗಿ ತುಂಬಿಕೊಂಡಿತ್ತು, ಎಲ್ಲೂ ಒಂದು ಕುಳಿ ಇರಲಿಲ್ಲ. ಕನ್ನಡಿ ಎದುರಿಗೇ ಇತ್ತು, ಆದರೆ ಅವಳು ನೋಡಬೇಕಾಗಿದ್ದುದು ನನ್ನನ್ನೇ. ಎರಡು ಸಲ ನೋಡಿದಳು, ಎರಡು ಸಲವೂ ನೋಟ ತಪ್ಪಿಸಿ ಹುಬ್ಬಿಗೆ ಹೋದಳು. ದಾರ ಒಮ್ಮೆ ಚರ್ಮವನ್ನು ಕಚ್ಚಿತು, ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲೂ ಬಂತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಪ್ರತಿಸಲದ ಹಾಗೆ "ಕನ್ನಡಿ ನೋಡ್ಕೋ" ಅನ್ನಲಿಲ್ಲ. ಅಜ್ಜಿ ಒಳಗಿಂದ, "ಉಷಿ, ರೊಟ್ಟಿ ತಿಂದು ಹೋಗು ಮಗಾ" ಅಂತ ಕೂಗಿದರು. ನಾನು ಆಟೋ ಹಿಡಿದೆ.

ಆಮೇಲೆ ನಾನು ಕಾಗದನಗರಕ್ಕೆ ಹೋಗಲಿಲ್ಲ. ಅವಳು ಹಲವು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಗೌರಮ್ಮಜ್ಜಿ ತೀರಿಕೊಂಡ ಸುದ್ದಿ ಬೇರೆಯವರಿಂದ ತಿಳಿಯಿತು. ಇಂದ್ರಕ್ಕ ಮನೆ ಖಾಲಿ ಮಾಡಿಕೊಂಡು ಗಂಡನ ಹತ್ತಿರ ಹರಿಹರಕ್ಕೆ ಹೋದಳು, ಕುರ್ಚಿಯನ್ನೂ ಕನ್ನಡಿಯನ್ನೂ ಲಾರಿಯಲ್ಲಿ ಹಾಕಿಕೊಂಡೇ ಹೋದಳು ಅಂತಲೂ ಕೇಳಿದೆ. ಬಿಸಾಡುವವಳಲ್ಲವಲ್ಲ. ಇಲ್ಲಿ ನವುಲೆಯ ಪಾರ್ಲರಿನ ಹುಡುಗಿ ಹುಬ್ಬನ್ನು ಚೆನ್ನಾಗಿಯೇ ಮಾಡುತ್ತಾಳೆ. ಅವಳಿಗೂ ನಾನು ಕಣ್ಣು ಮುಚ್ಚುವುದಿಲ್ಲ. ಮೇಡಂಗೆ ಅಭ್ಯಾಸ ಇಲ್ಲ ಅಂತ ಅವಳು ತಿಳಿದುಕೊಂಡಿದ್ದಾಳೆ.

ಹಚ್ಚುವುದನ್ನು ಬಿಟ್ಟರೆ ಗುಳಿ ನಿಧಾನಕ್ಕೆ ತುಂಬಿಕೊಳ್ಳಬಹುದು, ಪೂರ್ತಿ ಬರುತ್ತದೆ ಅಂತ ಹೇಳಲಾರೆ ಅಂದಿದ್ದಳು ಡಾಕ್ಟರ್. ಮೊದಲು ರೆಪ್ಪೆಗೂದಲು ಉದುರಿತು, ಬೋಳುಗಣ್ಣಿ ವಾಪಸು ಬಂದಳು. ಕಪ್ಪು ಇಳಿಯಿತು. ಕಣ್ಣು ಮಾತ್ರ ಬಹಳ ಸತಾಯಿಸಿತು. ನಾನು ನೋಡಿಕೊಳ್ಳುವುದನ್ನೇ ಬಿಟ್ಟಿದ್ದೆ. ಮೊನ್ನೆ ಶಾಲೆಗೆ ಹೊರಡುವ ಅವಸರದಲ್ಲಿ ಕಾಡಿಗೆ ಹಚ್ಚಲು ಬೀರುವಿನ ಕನ್ನಡಿಗೆ ಬಗ್ಗಿದರೆ, ಅಮ್ಮ ನೋಡುತ್ತಿದ್ದಳು. ಮುಕ್ಕಾಲು ಪಾಲು ಅಮ್ಮ. ಎಡಗಣ್ಣು ಪೂರ್ತಿ ಅವಳೇ.

ಗಂಡನನ್ನು ಕರೆದು ತೋರಿಸಿದೆ. "ಹೌದಾ? ಮುಂಚೆಯಿಂದ ಹೀಗೇ ಇತ್ತಲ್ಲ" ಅಂದು ಸ್ಕೂಟರ್ ಕೀ ಹುಡುಕಿಕೊಂಡು ಹೋದರು. ಅಪ್ಪನಿಗೆ ಈಗ ಅಷ್ಟು ದೃಷ್ಟಿ ಇಲ್ಲ. ಅಮ್ಮನ ಕಣ್ಣನ್ನು ಗೆರೆಗೆರೆಯಾಗಿ ಬಲ್ಲವಳು, ಎಷ್ಟು ಬಂದಿದೆ, ಎಷ್ಟು ಬರಬೇಕು ಅಂತ ಒಂದೇ ನೋಟಕ್ಕೆ ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಬಾಯಿ ತಾನಾಗಿ, "ನೋಡಕ್ಕಾ" ಅಂತ ಕನ್ನಡಿಗೇ ಹೇಳಿಬಿಟ್ಟಿತು. ಕನ್ನಡಿಯಲ್ಲಿ ನನ್ನ ತಲೆಯ ಹಿಂದೆ ಯಾರೂ ಇರಲಿಲ್ಲ, ರೂಮಿನ ಬಾಗಿಲು ತೆಗೆದಿತ್ತು ಅಷ್ಟೇ.